ಜಪಸರದ ಮೊದಲ ಅರ್ಧ

ಏಳು ವರ್ಷ ನಮ್ಮ ಕೇರಿಯಲ್ಲಿ, ಮಣಿ ಎಣಿಸುತ್ತ ಎಲ್ಲರೂ ಸೇರಿ ಹೇಳುವ ಜಪಸರವನ್ನು ನಡೆಸಿದವಳು ನಾನು. ಭಕ್ತಿ ಹೆಚ್ಚಾಗಿ ಅಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಊರಿನಲ್ಲಿ ಇನ್ನೂ ಕೆಲವರು ನನ್ನನ್ನು ದೊಡ್ಡ ಭಕ್ತೆ ಎಂದೇ ತಿಳಿದಿದ್ದಾರೆ. ಒಂದು ಸಲ ಇಗರ್ಜಿಯ ಹಬ್ಬದ ದಿನ ಪಾದ್ರಿಗಳು ನನ್ನನ್ನು ಮುಂದೆ ಕರೆದು ಶಾಲು ಹೊದೆಸಿದ್ದೂ ಉಂಟು. ಆ ಶಾಲು ಈಗಲೂ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಇದೆ. ಹೊದ್ದುಕೊಳ್ಳಲು ನಾಚಿಕೆ.

ನಾನು ಕಲಿತದ್ದು ಮೂರನೇ ಕ್ಲಾಸು. ಮನೆಯ ಮಾತು ಕೊಂಕಣಿ, ಪೇಟೆಗೆ ಹೋದರೆ ತುಳು, ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಕಾಗುಣಿತ ತಪ್ಪಿದ ಕಡೆ ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಡಲಿಲ್ಲ.

ನಮ್ಮ ಮನೆ ಕಾಪುವಿನ ಹೆದ್ದಾರಿಯಿಂದ ಒಳಗೆ, ಮಲ್ಲಿಗೆ ಬೆಳೆಯುವ ಕಡೆ. ಅಲ್ಲಿ ನಮ್ಮಂಥ ಕ್ರೈಸ್ತರ ಅಂಗಳದಲ್ಲೆಲ್ಲ ಮಲ್ಲಿಗೆ ಗಿಡವೇ. ಬೆಳಿಗ್ಗೆ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹತ್ತು ಗಂಟೆಯೊಳಗೆ ಕಟ್ಟೆಗೆ ಮುಟ್ಟಿಸಬೇಕು. ಕಟ್ಟೆ ಎಂದರೆ ಹೂ ತೆಗೆದುಕೊಳ್ಳುವ ಏಜೆಂಟರ ಜಾಗ. ಅಲ್ಲಿಂದ ಹೂ ಉಡುಪಿಗೆ, ಮಂಗಳೂರಿಗೆ, ಬೊಂಬಾಯಿಗೆ ಹೋಗುತ್ತದೆ. ದೇವಸ್ಥಾನದ ದುರ್ಗೆಗೂ ಅದೇ ಹೂ, ಮದುಮಗಳ ಜಡೆಗೂ ಅದೇ. ಆಗಲೇ ಅರಳಿದ ಹೂವನ್ನು ಮಾತ್ರ ಕಟ್ಟೆಯವರು ಬದಿಗೆ ತೆಗೆದಿಟ್ಟು ವಾಪಸ್ ಕೊಡುತ್ತಾರೆ. ಅದನ್ನು ನಮ್ಮಲ್ಲಿ ವಾಪಸ್ ಹೂ ಎನ್ನುತ್ತೇವೆ. ಮನೆಗೆ ತಂದು ಮರಿಯಮ್ಮನ ಪಟಕ್ಕೆ ಹಾಕುತ್ತೇವೆ.

ಪಕ್ಕದ ಮನೆ ನನ್ನ ಓರಗಿತ್ತಿಯದು, ನನ್ನ ಗಂಡನ ತಮ್ಮನ ಹೆಂಡತಿ. ಬಾವಿ ಒಂದೇ, ರಾಟೆ ಎರಡು. ಅವಳಿಗೂ ಮಲ್ಲಿಗೆ ಉಂಟು. ಅವಳ ನಾಲಿಗೆಗೆ ಎಲುಬು ಇಲ್ಲ, ನನ್ನದಕ್ಕೂ ಇಲ್ಲ. ಹಾಗಾಗಿ ಹತ್ತಿಪ್ಪತ್ತು ವರ್ಷ ಜಗಳ ಮಾಡುತ್ತ, ಮೀನು ಹಂಚಿಕೊಳ್ಳುತ್ತ, ಸರಿಯಾಗಿಯೇ ಇದ್ದೆವು.

ಉಡುಪಿ ಬೇರೆ ಜಿಲ್ಲೆಯಾದ ಸಮಯದಲ್ಲಿ ನನ್ನ ಮಗಳು ಕಾನ್ವೆಂಟಿನಿಂದ ವಾಪಸ್ ಬಂದಳು. ಅವಳು ಹತ್ತೊಂಬತ್ತರ ಪ್ರಾಯದಲ್ಲಿ ಸಿಸ್ಟರ್ ಆಗುತ್ತೇನೆ ಎಂದು ಹೋದವಳು. ಹೋಗುವಾಗ ಇಡೀ ವಾಳೆಗೆ ಊಟ ಹಾಕಿದ್ದೆವು. ವಾಳೆ ಎಂದರೆ ಇಗರ್ಜಿಯವರು ಮಾಡಿದ ಕೇರಿ, ನಮ್ಮದರಲ್ಲಿ ಮೂವತ್ತು ಮನೆ. ಅಷ್ಟು ಮನೆಯವರೂ ಬಂದು ಹುಡುಗಿಯ ತಲೆ ಮುಟ್ಟಿ ಹಾರೈಸಿದ್ದರು. ಒಂದೂವರೆ ವರ್ಷದಲ್ಲಿ ಅವಳು ಒಂದು ಟ್ರಂಕು ಹಿಡಿದು ಬಸ್ಸಿನಿಂದ ಇಳಿದಳು. ಹೋಗುವವರಿಗೆ ಊಟ ಉಂಟು, ಬರುವವರಿಗೆ ನಮ್ಮಲ್ಲಿ ಏನೂ ಇಲ್ಲ.

ಮರು ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತಿದ್ದೆವು. ಹೆಂಗಸರು ಸುತ್ತ ಸೇರಿದರು.

"ಮಗಳು ರಜೆಯಲ್ಲಿ ಬಂದದ್ದಾ?" ಎಂದು ಒಬ್ಬಳು ಕೇಳಿದಳು.

ನಾನು ಉತ್ತರ ಕೂಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಓರಗಿತ್ತಿ ಬಾಯಿ ಹಾಕಿದಳು. "ರಜೆ ಎಂತದ್ದು ಮಾರಾಯ್ತಿ! ಕಟ್ಟೆಯಿಂದ ವಾಪಸ್ ಬಂದ ಹೂ ಅದು."

ಎಲ್ಲರೂ ನಕ್ಕರು. ಅಷ್ಟು ಸರಿಯಾಗಿ ಕೂತ ಮಾತಿಗೆ ನಗದೆ ಇರುವುದು ಕಷ್ಟ. ಬೇರೆಯವರ ಮಗಳಾಗಿದ್ದರೆ ನಾನೂ ನಗುತ್ತಿದ್ದೆ. ನನ್ನ ಮಗಳು ಪಕ್ಕದಲ್ಲಿ ನಿಂತು ಕೊಡೆ ಮಡಚಿ ಅದರ ಗುಂಡಿ ಹಾಕುತ್ತಿದ್ದಳು. ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ಮೂರು ಸಲ. ನಾನು ಎಣಿಸಿದೆ.

ಆ ಮಾತು ವಾಳೆಯಲ್ಲಿ ಉಳಿಯಿತು. ಮಗಳಿಗೆ ಬಂದ ಎರಡು ಸಂಬಂಧದವರು ಅದನ್ನು ಕೇಳಿಯೇ ಹಿಂದೆ ಸರಿದರು ಎಂದು ನನ್ನ ಕಿವಿಗೆ ಬಿತ್ತು. ಓರಗಿತ್ತಿಯ ಜೊತೆ ನಾನು ಮಾತು ಬಿಟ್ಟೆ. ನಾನು ನೀರು ಸೇದುವಾಗ ಅವಳು ಬರುತ್ತಿರಲಿಲ್ಲ, ಅವಳು ಸೇದುವಾಗ ನಾನು ಹೋಗುತ್ತಿರಲಿಲ್ಲ.

ಸಂಜೆ ಜಪಸರಕ್ಕೆ ಕುಳಿತಾಗ ನನಗೆ ತೊಂದರೆ ಶುರುವಾಯಿತು. ಅದರಲ್ಲಿ ಬರುವ, ಯೇಸು ಸ್ವಾಮಿ ಕಲಿಸಿದ ಜಪದಲ್ಲಿ ಒಂದು ಮಾತು ಉಂಟು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸು ಎಂದು. ಚಿಕ್ಕಂದಿನಿಂದ ಎಷ್ಟು ಸಾವಿರ ಸಲ ಹೇಳಿದ್ದೆನೋ. ಆವತ್ತು ಮೊದಲ ಸಲ ಅದರ ಅರ್ಥ ಕಿವಿಗೆ ಬಿತ್ತು. ನಾನು ಕ್ಷಮಿಸಿಲ್ಲ. ಕ್ಷಮಿಸುವ ಮನಸ್ಸೂ ಇಲ್ಲ. ಹಾಗಿರುವಾಗ ಅದನ್ನು ಹೇಳಿದರೆ ಸುಳ್ಳಾಗುತ್ತದೆ. ಸುಳ್ಳಾಗದಿದ್ದರೆ ಇನ್ನೂ ಕಷ್ಟ, ನಾನು ಅವಳನ್ನು ಕ್ಷಮಿಸಿದಷ್ಟೇ ನನ್ನನ್ನು ಕ್ಷಮಿಸು ಎಂದು ನಾನೇ ಕೇಳಿಕೊಂಡ ಹಾಗೆ. ಲೆಕ್ಕ ಮಾಡಿ ಕಟ್ಟುವ ಹೂವಿನ ಚೆಂಡಿನಲ್ಲಿ ಹತ್ತು ಮೊಗ್ಗು ಕಡಿಮೆ ಕಟ್ಟಿ ಕಟ್ಟೆಗೆ ಕೊಡುವವರು ಇದ್ದಾರೆ, ನಾನು ಕೊಟ್ಟವಳಲ್ಲ. ಏಜೆಂಟನಿಗೆ ಮಾಡದ ಮೋಸ ದೇವರಿಗೆ ಯಾಕೆ ಮಾಡುವುದು?

ಆ ಮಾತನ್ನು ಹೇಳುವುದು ಬಿಟ್ಟೆ.

ಬಿಡುವುದು ಅಷ್ಟು ಸುಲಭವಲ್ಲ. ಎಲ್ಲರೂ ಹೇಳುವಾಗ ಒಬ್ಬಳು ಬಾಯಿ ಮುಚ್ಚಿದರೆ ಪಕ್ಕದವಳಿಗೆ ಗೊತ್ತಾಗುತ್ತದೆ. ಆಮೇಲೆ ಉಪಾಯ ಹೊಳೆಯಿತು. ಜಪಸರದ ಒಂದೊಂದು ಜಪವನ್ನೂ ಎರಡು ಪಾಲು ಮಾಡಿ ಹೇಳುವುದು ನಮ್ಮ ಕ್ರಮ. ನಡೆಸುವವರು ಮೊದಲ ಅರ್ಧ ಹೇಳುತ್ತಾರೆ, ಉಳಿದವರು ಎರಡನೇ ಅರ್ಧ. ಯೇಸು ಕಲಿಸಿದ ಜಪದ ಮೊದಲ ಅರ್ಧದಲ್ಲಿ ಪರಲೋಕ, ದೇವರ ಹೆಸರು, ದೇವರ ರಾಜ್ಯ, ದೇವರ ಇಷ್ಟ, ಎಲ್ಲ ಮೇಲಿನ ವಿಷಯ. ಅನ್ನ, ತಪ್ಪು, ಕ್ಷಮೆ, ಇದೆಲ್ಲ ಎರಡನೇ ಅರ್ಧದಲ್ಲಿ. ನಡೆಸುವವಳು ನಾನೇ ಆದರೆ ಆ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ.

ವಾಳೆಯ ಜಪಸರ ನಡೆಸುತ್ತಿದ್ದ ಹಿರಿಯರಿಗೆ ದಮ್ಮು ಜಾಸ್ತಿಯಾಗಿತ್ತು. ನಾನು ನಡೆಸುತ್ತೇನೆ ಎಂದೆ. ಗುರಿಕಾರರಿಗೆ, ಅಂದರೆ ವಾಳೆಯ ಮುಖ್ಯಸ್ಥರಿಗೆ, ಖುಷಿಯೋ ಖುಷಿ. ಅಲ್ಲಿಂದ ಮರಿಯಮ್ಮನ ತಿಂಗಳೆನ್ನುವ ಮೇ, ಅಕ್ಟೋಬರ್, ಸತ್ತವರ ಮನೆ, ಹೊಸ ಮನೆ ಒಕ್ಕಲು, ಎಲ್ಲಿ ಜಪಸರ ಇದ್ದರೂ ನಾನು ಮುಂದೆ. ಮನೆಯಲ್ಲಿಯೂ ಹಾಗೆಯೇ. ನಾನು ಮೊದಲ ಅರ್ಧ, ನಮ್ಮವರು, ಅಂದರೆ ನನ್ನ ಗಂಡ, ಎರಡನೇ ಅರ್ಧ. ಏಳು ವರ್ಷ ನಮ್ಮ ಮನೆಯ ಕ್ಷಮೆಯನ್ನೆಲ್ಲ ಅವರೊಬ್ಬರೇ ಹೇಳಿದ್ದು, ಅದೂ ಅರ್ಧ ನಿದ್ದೆಯಲ್ಲಿ. ಪೂಜೆಯಲ್ಲಿ ಮಾತ್ರ ಇಡೀ ಜಪವನ್ನು ಎಲ್ಲರೂ ಒಟ್ಟಿಗೆ ಹೇಳುವುದು. ಅಲ್ಲಿ ಆ ಮಾತು ಬರುವಾಗ ನಾನು ಕೆಮ್ಮುತ್ತಿದ್ದೆ. ಸರಿಯಾಗಿ ಅಷ್ಟು ಹೊತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಓರಗಿತ್ತಿ ವಾಳೆಯ ಜಪಸರ ಒಂದನ್ನೂ ತಪ್ಪಿಸಲಿಲ್ಲ. ಬಂದು ಎದುರಿಗೇ ಕೂರುವವಳು. ಎರಡನೇ ಅರ್ಧದಲ್ಲಿ ಅವಳ ಸ್ವರ ಎಲ್ಲರಿಗಿಂತ ಮೇಲೆ. ಬೇಕೆಂದೇ ಎಂದು ನಾನು ತಿಳಿದುಕೊಂಡೆ.

ಶಾಲು ಹೊದೆಸಿದ ದಿನ ಪಾದ್ರಿಗಳು, ಈ ತಾಯಿಯ ಹಾಗೆ ಪ್ರಾರ್ಥನೆ ಮಾಡಲು ಕಲಿಯಿರಿ ಎಂದರು. ನಾನು ಕೆಮ್ಮಿದೆ. ಕುಮ್ಸಾರಿಗೆ, ಅಂದರೆ ಪಾಪ ನಿವೇದನೆಗೆ ಹೋದಾಗ, ಓರಗಿತ್ತಿಯ ಮೇಲೆ ಸಿಟ್ಟು ಉಂಟು ಎನ್ನುತ್ತಿದ್ದೆ. ಯಾವ ಮನೆಯಲ್ಲಿ ಇಲ್ಲ? ಪಾದ್ರಿಗಳು ಮೂರು ಸಲ ನಮೋ ಮರಿಯ, ಅಂದರೆ ಮರಿಯಮ್ಮನ ಜಪ, ಹೇಳಲು ಹೇಳುತ್ತಿದ್ದರು. ಹೇಳುತ್ತಿದ್ದೆ. ಅರ್ಧ ಜಪದ ವಿಷಯ ತೆಗೆಯಲಿಲ್ಲ.

ಮಗಳು ಕಾರ್ಕಳಕ್ಕೆ ಹೋಗಿ ಹೊಲಿಗೆ ಕಲಿತಳು. ಅಲ್ಲಿಯೇ ಕುಕ್ಕುಂದೂರಿನ ಒಬ್ಬ ಬಸ್ ಕಂಡಕ್ಟರು ಅವಳನ್ನು ಕೇಳಿ ಮದುವೆಯಾದ. ಒಳ್ಳೆಯ ಹುಡುಗ, ಮಾತು ಕಡಿಮೆ. ಮಗಳ ಮನೆಯ ಜಗಲಿಯಲ್ಲಿ ಎರಡು ಮೆಷಿನು. ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮಕ್ಕಳ ಬಿಳಿ ಫ್ರಾಕು ಅವಳು ಹೊಲಿದದ್ದೇ ಆಗಬೇಕು ಎನ್ನುವವರು ಬಹಳ ಜನ. ಹಾಗೆ ನೋಡಿದರೆ ಯಾರೂ ಹಾಳಾಗಲಿಲ್ಲ. ನನ್ನ ಸಿಟ್ಟಿಗೆ ಅದು ಕೇಳಿಸಲಿಲ್ಲ, ಅಷ್ಟೆ.

ಏಳನೇ ವರ್ಷ ಕ್ರಿಸ್ಮಸ್ ಕಳೆದ ಮೇಲೆ ನನ್ನ ಸ್ವರ ಒಡೆಯಿತು. ಮೊದಲು ಶೀತ ಎಂದೆ. ಕಷಾಯ ಕುಡಿದೆ, ಉಪ್ಪುನೀರು ಮುಕ್ಕಳಿಸಿದೆ. ಮೂರು ತಿಂಗಳಾದರೂ ಸ್ವರ ತೆಂಗಿನ ಗರಿ ಎಳೆದ ಹಾಗೆಯೇ ಇತ್ತು. ಮಗಳು ಬಂದು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಳೆ ಪ್ರಾಯದ ಡಾಕ್ಟರು, ಮೂಗಿನೊಳಗೆ ಪೈಪು ಹಾಕಿ ಗಂಟಲು ನೋಡಿದರು.

"ಅಮ್ಮ, ನೀವು ತುಂಬ ಜೋರಾಗಿ ಮಾತಾಡ್ತೀರಾ?"

"ಜಪಸರ ನಡೆಸ್ತೇನೆ."

"ದಿನಾ ಕೆಮ್ಮುವ ಅಭ್ಯಾಸ ಉಂಟಾ? ಸುಮ್ಮನೆ, ಕಾರಣ ಇಲ್ಲದೆ?"

"ಕಾರಣ ಉಂಟು."

"ಎಂತ ಕಾರಣ?"

ಮಗಳು ನನ್ನ ಮುಖ ನೋಡಿದಳು. ಡಾಕ್ಟರು ಬರೆಯುತ್ತ, "ಎಂತ ಕಾರಣವೋ ಅದನ್ನು ಬಿಟ್ಟುಬಿಡಿ" ಎಂದರು. ಯಾವ ಪಾದ್ರಿಯೂ ನನಗೆ ಅಷ್ಟು ಸರಿಯಾದ ಬುದ್ಧಿ ಹೇಳಿರಲಿಲ್ಲ. ಅವರಿಗೆ ತಾವು ಹೇಳಿದ್ದು ಎಂತ ಎಂದು ಗೊತ್ತಿರಲಿಲ್ಲ, ಪಾಪ.

ಗಂಟಲಲ್ಲಿ ಸ್ವರದ ನರದ ಮೇಲೆ ಒಂದು ಗಂಟು. ತೆಗೆಯಬೇಕು, ಪರೀಕ್ಷೆಗೆ ಕಳಿಸಬೇಕು. ಕೆಟ್ಟ ಗಂಟು ಆಗಿರಲಿಕ್ಕೂ ಸಾಕು. ಒಳ್ಳೆಯದೇ ಆದರೂ ಸ್ವರ ಮೊದಲಿನ ಹಾಗೆ ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ ಎಂದರು.

ಕೆಟ್ಟ ಗಂಟಿನ ಹೆದರಿಕೆ ನನಗೆ ಅಷ್ಟು ಆಗಲಿಲ್ಲ. ಒಂದು ದಿನ ಹೋಗಲಿಕ್ಕೇ ಉಂಟು. ಬೇರೆ ಹೆದರಿಕೆ ಬಂತು. ಸ್ವರ ಹೋದರೆ ನನ್ನ ಬಾಯಿಯಿಂದ ಆ ಮಾತು ಇನ್ನು ಯಾವತ್ತೂ ಹೊರಡುವುದಿಲ್ಲ. ಈವರೆಗೆ ನಾನಾಗಿ ಹೇಳದೆ ಇದ್ದೆ, ಬೇಕೆಂದರೆ ಹೇಳಬಹುದಿತ್ತು. ನಾಳೆ ಬೇಕೆಂದರೂ ಆಗದಿದ್ದರೆ? ಅರ್ಧ ಜಪದವಳಾಗಿಯೇ ಮೇಲೆ ಹೋಗಿ ನಿಲ್ಲಬೇಕು.

ಆಪರೇಷನ್ನಿಗೆ ಒಂದು ವಾರ ಇರುವಾಗ ಮಗಳ ಜೊತೆ ಕಾರ್ಕಳದ ಕಡೆಯ ಸಂತ ಲಾರೆನ್ಸರ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿದೆ. ಈ ಸಂತರು ನನಗೆ ಇಷ್ಟ. ಕಬ್ಬಿಣದ ಸರಳಿನ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿದರೂ, ಈ ಬದಿ ಬೆಂದಿದೆ, ಮಗುಚಿ ಹಾಕಿ ಎಂದರಂತೆ. ಸಂತರೆಂದರೆ ಕತ್ತು ಓರೆ ಮಾಡಿ ಆಕಾಶ ನೋಡುವವರು ಎಂದು ಪಟ ಬರೆಯುವವರು ತಿಳಿದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಂಥ ಬೆಂಕಿಯಲ್ಲಿ ಅಂಥ ಮಾತು ಬರಬೇಕಾದರೆ ನಾಲಿಗೆ ಮೊದಲೇ ಚುರುಕಿರಬೇಕು. ನಾಲಿಗೆ ಚುರುಕಿದ್ದವರಿಗೂ ಪರಲೋಕದಲ್ಲಿ ಜಾಗ ಉಂಟಲ್ಲ ಎಂದು ನನಗೆ ಧೈರ್ಯ.

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಮಗಳು ಕೇಳಿದಳು, "ಅಮ್ಮಾ, ಎಂತ ಕೇಳಿಕೊಂಡೆ?"

"ಗಂಟಲು."

"ಅಷ್ಟೇ?"

"ಮತ್ತೆ ಎಂತ? ನಿನ್ನ ಚಿಕ್ಕಮ್ಮನನ್ನು ಕೇಳಿಕೊಳ್ಳಬೇಕಿತ್ತಾ?"

ಮಗಳು ನಕ್ಕಳು. "ಚಿಕ್ಕಮ್ಮ ಹೇಳಿದ್ದನ್ನು ನೀನು ಇನ್ನೂ ಹಿಡಿದುಕೊಂಡಿದ್ದೀಯಾ? ನಾನೇ ಬಿಟ್ಟಾಯಿತು. ದೇವರು ನನ್ನನ್ನು ವಾಪಸ್ ಕಳಿಸಿದ್ದಲ್ಲ ಅಮ್ಮಾ, ನಾನೇ ಬಂದದ್ದು. ಅಲ್ಲಿ ನನಗೆ ಆಗುತ್ತಿರಲಿಲ್ಲ. ಒಂದು ವರ್ಷ ಗೊತ್ತಿದ್ದೂ ಸುಮ್ಮನೆ ಇದ್ದೆ, ನೀವು ಊಟ ಹಾಕಿಸಿದ್ದಿರಲ್ಲ, ಅದನ್ನು ನೆನೆಸಿಕೊಂಡು. ಆಮೇಲೆ ಒಂದು ದಿನ ದೇವರಿಗೆ ನಿಜ ಹೇಳಿದೆ."

"ಅಂಗಳದಲ್ಲಿ ಕೊಡೆಯ ಗುಂಡಿ ಮೂರು ಸಲ ಹಾಕಿದೆಯಲ್ಲ ನೀನು?"

"ಅದರ ಗುಂಡಿ ಹಾಳಾಗಿತ್ತು, ಮಾರಾಯ್ತಿ!"

ಏಳು ವರ್ಷ ನಾನು ಆ ಮೂರು ಸಲವನ್ನು ಎದೆಯಲ್ಲಿ ಇಟ್ಟುಕೊಂಡಿದ್ದೆ. ಅವಳು ನಿಜ ಹೇಳಿದ್ದೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ. ಕೇಳಲಿಲ್ಲ. ಅಷ್ಟಾದರೂ ಓರಗಿತ್ತಿಯ ಮೇಲಿನ ಸಿಟ್ಟು ಇಳಿಯಲಿಲ್ಲ. ಸಿಟ್ಟಿಗೆ ಅಷ್ಟು ಹೊತ್ತಿಗೆ ಕಾರಣ ಬೇಕಾಗಿರಲಿಲ್ಲ, ಅದೇ ಒಂದು ಮನೆ ಮಾಡಿಕೊಂಡಿತ್ತು.

ಏಪ್ರಿಲ್ ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಿದರು. ಮಲ್ಲಿಗೆ ಒತ್ತಾಗಿ ಬಿಡುವ ಸಮಯ, ಮದುವೆಯ ಕಾಲ. ಮೊಗ್ಗು ಕೊಯ್ಯದೆ ಒಂದು ದಿನ ಬಿಟ್ಟರೆ ಮರುದಿನಕ್ಕೆ ಅರಳಿ ಹೋಗುತ್ತದೆ, ಯಾವುದಕ್ಕೂ ಬರುವುದಿಲ್ಲ. ನಮ್ಮವರಿಗೆ ಬಗ್ಗಲು ಆಗುವುದಿಲ್ಲ, ಕಣ್ಣೂ ಮಂಜು. ಹೋದರೆ ಹೋಗಲಿ ಎಂದು ಬಿಟ್ಟು ಬಂದೆ.

ಪಕ್ಕದ ಮಂಚದಲ್ಲಿ ಗದಗದ ಕಡೆಯ ಒಬ್ಬ ಹೆಂಗಸು. ಗಂಡ ಹೆಂಡತಿ ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡುವವರು. ಅಲೆವೂರಿನ ಹತ್ತಿರ ಶೆಡ್ಡಿನಲ್ಲಿ ವಾಸ. ಅವಳಿಗೆ ಕಿವಿಯ ಆಪರೇಷನ್ ಆಗಿತ್ತು, ತಲೆಗೆ ಬಟ್ಟೆ ಕಟ್ಟಿದ್ದರು. ಒಂದು ಕಿವಿ ಕೇಳುವುದಿಲ್ಲ, ಇನ್ನೊಂದಕ್ಕೆ ಕಟ್ಟು, ಆದರೂ ಮಾತಿಗೆ ಕೊರತೆ ಇಲ್ಲ. ನಾಳೆ ನನ್ನ ಆಪರೇಷನ್ ಎನ್ನುವ ಮಧ್ಯಾಹ್ನ ನಾನು ಮಣಿಸರ ಹಿಡಿದು ಕೂತಿದ್ದೆ.

"ಅಮ್ಮಾರ, ಆ ಮಣಿ ಹಿಡ್ಕೊಂಡು ಏನ್ ಎಣಸ್ತೀರಿ?"

"ಜಪ."

"ನಂಗೂ ಒಂದು ಹೇಳ್ಕೊಡ್ರಿ. ನಾಳಿ ನಿಮ್ಮನ್ನ ಒಳಗ ಒಯ್ದ ಮ್ಯಾಲ ನಾ ನಿಮ್ಮ ಸಲವಾಗಿ ಅಂತೀನಿ. ನಮ್ಮ ದೇವ್ರಿಗೂ ಅಂತೀನಿ, ನಿಮ್ಮ ದೇವ್ರಿಗೂ ಅಂತೀನಿ."

ನನಗೆ ಖುಷಿಯಾಯಿತು. ನಮ್ಮ ಜನರೇ ಯಾರೂ ಹಾಗೆ ಕೇಳಿರಲಿಲ್ಲ. ಕೊಂಕಣಿ ಅವಳಿಗೆ ಬರುವುದಿಲ್ಲ, ಆದ್ದರಿಂದ ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ, ಅವಳ ಕಿವಿಯ ಹತ್ತಿರ ಬಾಯಿ ಇಟ್ಟು, ಹರಿದ ಸ್ವರದಲ್ಲಿ ಹೇಳಿದೆ. ಪರಲೋಕದಲ್ಲಿರುವ ತಂದೆ, ನಿನ್ನ ಹೆಸರು, ನಿನ್ನ ರಾಜ್ಯ, ನಿನ್ನ ಇಷ್ಟ. ಅವಳು ಹಿಂದಿನಿಂದ ಹೇಳಿದಳು. ಮೊದಲ ಅರ್ಧ ಮುಗಿಯಿತು, ನಾನು ನಿಲ್ಲಿಸಿದೆ.

"ಇಷ್ಟಕ್ಕ ಮುಗೀತೇನ್ರಿ? ನಮಗ ಏನರ ಬೇಡೋದ ಬರಲಿಲ್ಲಲ್ರಿ."

"ಅದು ಇನ್ನರ್ಧದಲ್ಲಿ ಉಂಟು. ಇನ್ನರ್ಧ ಬೇರೆಯವರು ಹೇಳುವುದು."

ಅವಳು ಆಚೆ ಈಚೆ ನೋಡಿದಳು. "ಇಲ್ಲಿ ಬ್ಯಾರೆ ಯಾರದಾರ್ರಿ? ನೀವು, ನಾನು. ನಂಗ ಬರಂಗಿಲ್ಲ. ನೀವ ಅನ್ನಬೇಕು."

ಹಾಗೆ ನಾನು ಸಿಕ್ಕಿಬಿದ್ದೆ. ವಾಳೆಯ ಮೂವತ್ತು ಮನೆಯವರಿಗೆ ತಿಳಿಯದ ಉಪಾಯ ಅಕ್ಷರ ಬರದ ಒಬ್ಬ ಹೆಂಗಸಿನ ಎದುರು ನಡೆಯಲಿಲ್ಲ. ಅನ್ನದ ಮಾತು ಹೇಳಿದೆ. ಅವಳೂ ಹೇಳಿದಳು. ಮುಂದಿನದು ಬಂದಾಗ ಅಭ್ಯಾಸದಂತೆ ಕೆಮ್ಮಿದೆ. ಗಂಟಲಿಗೆ ಬ್ಲೇಡು ಎಳೆದ ಹಾಗಾಗಿ ಕಣ್ಣಲ್ಲಿ ನೀರು ಬಂತು. ಅವಳು ಕಾಯುತ್ತಿದ್ದಳು.

ಹೇಳಿದೆ. ಏಳು ವರ್ಷದಲ್ಲಿ ಮೊದಲ ಸಲ, ಅದೂ ಕನ್ನಡದಲ್ಲಿ. ಕೊಂಕಣಿಯಲ್ಲಿ ಅದು ಜಪ. ಕನ್ನಡದಲ್ಲಿ ಹೇಳುವಾಗ ಬರಿಯ ಮಾತು, ಒಬ್ಬರಿಗೆ ಒಬ್ಬರು ಹೇಳುವ ಹಾಗೆ.

ಅವಳು ಹಿಂದಿನಿಂದ ಹೇಳಲಿಲ್ಲ. ಯೋಚನೆ ಮಾಡಿದಳು. "ಅಂದ್ರ ಮೊದ್ಲ ನಾವು ಬಿಡಬೇಕೇನ್ರಿ? ಆಮ್ಯಾಲ ಅವ ನಮ್ದು ಬಿಡ್ತಾನ?"

"ಹೌದು."

"ನಿಮ್ಮ ದೇವ್ರು ಭಾಳ ಶಾಣ್ಯಾ ಇದಾನ ಬಿಡ್ರಿ."

ಮನಸ್ಸು ಹಗುರವಾಯಿತು ಎಂದು ಇಲ್ಲಿ ಬರೆಯಲು ಮಗಳು ಹೇಳಿದಳು. ಆಗಲಿಲ್ಲ, ಬರೆಯುವುದಿಲ್ಲ. ಬಾಯಿ ಹೇಳಿತು, ಅಷ್ಟೇ. ಆದರೆ ಬಾಯಿಯಾದರೂ ಹೇಳಿತಲ್ಲ ಎಂದು ನಾನು ದೇವರಿಗೆ ಉಪಕಾರ ಹೇಳಿದ್ದು ನಿಜ. ಪ್ರಾರ್ಥನೆ ಎಂದರೆ ಮನಸ್ಸು ತಯಾರಾದ ಮೇಲೆ ಮಾಡುವ ಕೆಲಸ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮೊಗ್ಗು ಕೊಯ್ಯಲು ಹೋಗುವಾಗ ಯಾರೂ ಮನಸ್ಸನ್ನು ಕೇಳುವುದಿಲ್ಲ. ಹೋಗುತ್ತೇವೆ.

ಆಪರೇಷನ್ ಆಯಿತು. ಹದಿನೈದು ದಿನ ಒಂದು ಶಬ್ದ ಆಡಬಾರದು, ಪಿಸುಮಾತೂ ಆಡಬಾರದು, ಕೆಮ್ಮು ಬಂದರೂ ನೀರು ಕುಡಿದು ತಡೆಯಬೇಕು ಎಂದರು. ಮಗಳು ಮಕ್ಕಳ ಸ್ಲೇಟು ತಂದುಕೊಟ್ಟಳು. ನಾನು ಹೊರಡುವ ದಿನ ಗದಗದ ಹೆಂಗಸು ನನ್ನ ಕೈ ಹಿಡಿದು ಇಡೀ ಜಪ ಹೇಳಿ ತೋರಿಸಿದಳು. ಒಂದು ಕಡೆಯೂ ತಪ್ಪಲಿಲ್ಲ. ಅವಳ ಶೆಡ್ಡು ಎಲ್ಲಿ ಎಂದು ಸರಿಯಾಗಿ ಕೇಳಿಕೊಳ್ಳದೆ ಬಂದೆ. ಆಮೇಲೆ ಆ ಕಡೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಕಟ್ಟಡದ ಮೇಲೆ ಕಲ್ಲು ಹೊರುವವರ ಮುಖ ನೋಡುತ್ತೇನೆ. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೂ ಹೇಳಿಟ್ಟಿದ್ದೇನೆ. ಅವರು ಇನ್ನೂ ಮನಸ್ಸು ಮಾಡಿಲ್ಲ.

ಒಂಬತ್ತು ದಿನದ ಮೇಲೆ ಮನೆಗೆ ಬಂದೆ. ಗೇಟು ತೆಗೆದವಳು ಮೊದಲು ನೋಡಿದ್ದು ಗಿಡಗಳನ್ನು. ಅರಳಿದ ಹೂ ಉದುರಿ ಅಂಗಳ ಬೆಳ್ಳಗಾಗಿರಬೇಕಿತ್ತು. ಒಂದು ಹೂವೂ ಇರಲಿಲ್ಲ. ಗಿಡದ ಬುಡ ಒದ್ದೆ, ಯಾರೋ ನೀರು ಬಿಟ್ಟಿದ್ದಾರೆ. ಒಳಗೆ ಹೋದರೆ ಮರಿಯಮ್ಮನ ಪಟದ ಕೆಳಗೆ ಹೂವಿನ ತುಂಡುಗಳು, ಒಂದರ ಮೇಲೆ ಒಂದು, ಕೆಳಗಿನದು ಒಣಗಿ ಕಂದು, ಮೇಲಿನದು ಇನ್ನೂ ಬಿಳಿ. ದಿನದ ವಾಪಸ್ ಹೂ. ಒಂಬತ್ತು.

ನಮ್ಮವರು ನನ್ನ ಕಣ್ಣು ತಪ್ಪಿಸಿದರು. "ಅವಳೇ ಬಂದು ಕೊಯ್ದದ್ದು. ನಾನು ಕರೆಯಲಿಲ್ಲ. ಬೇಡ ಅಂತಲೂ ಹೇಳಲಿಲ್ಲ."

ಓರಗಿತ್ತಿಯ ಗಿಡವೂ ಅಷ್ಟೇ ಉಂಟು. ಎರಡು ಮನೆಯ ಮೊಗ್ಗು ಕೊಯ್ದು, ಕಟ್ಟಿ, ಹತ್ತು ಗಂಟೆಗೆ ಕಟ್ಟೆ ಮುಟ್ಟಿಸಬೇಕಾದರೆ ಕತ್ತಲೆ ಇರುವಾಗಲೇ ಏಳಬೇಕು. ಅವಳಿಗೂ ಪ್ರಾಯ ಅರವತ್ತರ ಹತ್ತಿರ, ಮಂಡಿನೋವು.

ಮಧ್ಯಾಹ್ನ ಅವಳು ಗಂಜಿ ಹಿಡಿದು ಹಿಂಬಾಗಿಲಿನಿಂದ ಬಂದಳು. ಪಾತ್ರೆ ಇಟ್ಟಳು, ನಿಂತಳು. ನನಗೆ ಮಾತಾಡುವ ಹಾಗಿಲ್ಲ ಎಂದು ಅವಳಿಗೆ ಗೊತ್ತು. ಅದೇ ಧೈರ್ಯದಲ್ಲಿ ಬಂದದ್ದು ಎಂದು ಕಾಣುತ್ತದೆ.

"ಬಾಯೇ," ಎಂದಳು. ನಮ್ಮಲ್ಲಿ ಹಿರಿಯಳನ್ನು ಕರೆಯುವುದು ಹಾಗೆ. ಏಳು ವರ್ಷದಿಂದ ಅವಳು ನನ್ನನ್ನು ಹಾಗೆ ಕರೆದಿರಲಿಲ್ಲ. "ಬಾಯೇ, ವಾಪಸ್ ಬಂದ ಹೂವನ್ನು ನಾವು ಎಲ್ಲಿ ಇಡುವುದು? ಮರಿಯಮ್ಮನ ಕಾಲಬುಡದಲ್ಲಿ ಅಲ್ವಾ? ನಾನು ಆವತ್ತು ಹೇಳಿದ್ದು ಆ ಅರ್ಥದಲ್ಲಿ."

ಸುಳ್ಳು. ಹಸಿ ಸುಳ್ಳು. ನನಗೂ ಗೊತ್ತು, ಅವಳಿಗೂ ಗೊತ್ತು. ಒಂಬತ್ತು ದಿನ ಹೂ ಕಟ್ಟುತ್ತ ಯೋಚಿಸಿ ಯೋಚಿಸಿ ಮಾಡಿದ ಸುಳ್ಳು ಅದು. ನನಗೆ ನಗು ಬಂತು, ನಗುವ ಹಾಗಿಲ್ಲ. ಹೊಟ್ಟೆ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ಅಲುಗಾಡಿದೆ. ಅವಳು ಮೊದಲು ಹೆದರಿದಳು, ಆಮೇಲೆ ಅವಳಿಗೂ ನಗು ಬಂತು.

"ಬಾಯಿ ಇಲ್ಲದೆ ನೀನು ಎಷ್ಟು ಚಂದ ಕಾಣ್ತಿ, ಗೊತ್ತುಂಟಾ?" ಎಂದಳು.

ನಾನು ಸ್ಲೇಟು ತೆಗೆದೆ. ಹೂ ಕೊಯ್ದದ್ದಕ್ಕೆ ಉಪಕಾರ ಹೇಳಬೇಕಲ್ಲ. ಕೊಂಕಣಿಯಲ್ಲಿ ಉಪಕಾರ ಹೇಳುವುದಕ್ಕೆ ನಮಗೆ ಇರುವುದು ಒಂದೇ ಮಾತು. "ದೇವ್ ಬರೆಂ ಕರುಂ." ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಅರ್ಥ. ಅಂಗಡಿಯಲ್ಲಿ, ಬಸ್ಸಿನಲ್ಲಿ, ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು. ಬಾಯಲ್ಲಿ ಹೇಳುವಾಗ ಓಡಿ ಹೋಗುತ್ತದೆ. ಬಳಪ ಹಿಡಿದು ಒಂದೊಂದೇ ಅಕ್ಷರ ಕೂಡಿಸುವ ನನ್ನಂಥವಳಿಗೆ ಓಡಲು ಆಗುವುದಿಲ್ಲ. ದೇ ಬರೆದೆ, ವ್ ಬರೆದೆ, ಆಗ ಕೈ ನಿಂತಿತು. ಇವಳಿಗಾಗಿ ದೇವರನ್ನು ಬೇಡದೆ ಇವಳಿಗೆ ಉಪಕಾರ ಹೇಳಲು ನಮ್ಮ ಭಾಷೆಯಲ್ಲಿ ದಾರಿಯೇ ಇಲ್ಲ. ನಮ್ಮ ಹಿರಿಯರು ಹಾಗೆ ಕಟ್ಟಿಟ್ಟು ಹೋಗಿದ್ದಾರೆ.

ಉಳಿದದ್ದನ್ನೂ ಬರೆದೆ. ಅವಳಿಗೆ ಕನ್ನಡಕ ಇರಲಿಲ್ಲ. ಸ್ಲೇಟನ್ನು ದೂರ ಹಿಡಿದು, ಕಣ್ಣು ಸಣ್ಣ ಮಾಡಿ ಓದಿದಳು. ಓದಿ, "ಕ ಕ್ಕೆ ತಲೆಕಟ್ಟು ಹಾಕಲಿಲ್ಲ ನೀನು" ಎಂದಳು. ಸೆರಗಿನಿಂದ ಸ್ಲೇಟು ಒರೆಸಿ ಕೊಟ್ಟು ಹೋದಳು.

ಗಂಟು ಕೆಟ್ಟದ್ದಲ್ಲ ಎಂದು ಆಸ್ಪತ್ರೆಯಿಂದ ಮಗಳಿಗೆ ಕಾಗದ ಬಂತು. ಅವಳು ಫೋನು ಮಾಡಿ ಓದಿ ಹೇಳಿದಳು. ನಾನು ಮೌನದಲ್ಲಿಯೇ ಇಡೀ ಜಪಸರ ಮಾಡಿದೆ, ಎರಡೂ ಅರ್ಧ.

ಸ್ವರ ಬಂತು, ಆದರೆ ಮೊದಲಿನದಲ್ಲ. ತೆಳ್ಳಗೆ, ಒಂದು ಕೋಣೆಗೆ ಸಾಕಾಗುವಷ್ಟು. ಜಪಸರ ನಡೆಸಲು ಅದು ಸಾಲದು. ಮೇ ತಿಂಗಳ ವಾಳೆಯ ಜಪಸರ ಆ ವರ್ಷ ನಮ್ಮ ಮನೆಯಿಂದಲೇ ಶುರು. ಯಾರು ನಡೆಸುವುದು ಎಂದು ಗುರಿಕಾರರು ಕೇಳಿದರು. ನಾನು ಓರಗಿತ್ತಿಯ ಕಡೆ ಕೈ ತೋರಿಸಿದೆ. ಅವಳ ಸ್ವರ ಎಲ್ಲರಿಗೂ ಗೊತ್ತು.

ಜನ ಜಗಲಿಯವರೆಗೆ ತುಂಬಿದ್ದರು. ಏಳು ವರ್ಷದ ಮೇಲೆ ನಾನು ಉಳಿದವರ ಜೊತೆ ಚಾಪೆಯ ಮೇಲೆ ಕೂತೆ. ಡಾಕ್ಟರು ಕೊಟ್ಟ ಮೌನ ಹಿಂದಿನ ದಿನಕ್ಕೆ ಮುಗಿದಿತ್ತು. ಅವಳು ಶುರು ಮಾಡಿದಳು. ಪರಲೋಕ, ಹೆಸರು, ರಾಜ್ಯ, ಇಷ್ಟ. ಮೊದಲ ಅರ್ಧ ಮುಗಿಯಿತು. ಎಲ್ಲರೂ ಎರಡನೇ ಅರ್ಧ ಹೇಳತೊಡಗಿದರು. ಅವಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು, ನನ್ನ ಬಾಯಿಯನ್ನು. ಆಗ ನನಗೆ ತಿಳಿಯಿತು. ಇವಳಿಗೆ ಮೊದಲಿನಿಂದ ಗೊತ್ತಿತ್ತು. ಏಳು ವರ್ಷ ಎದುರಿಗೆ ಕೂತು ನೋಡುತ್ತಿದ್ದದ್ದು ಅದನ್ನೇ. ಆ ಅರ್ಧವನ್ನು ಅಷ್ಟು ಜೋರಾಗಿ ಹೇಳುತ್ತಿದ್ದದ್ದು ನನ್ನನ್ನು ಚುಚ್ಚಲಿಕ್ಕಲ್ಲವೇನೋ, ನನ್ನ ಪಾಲಿನದನ್ನೂ ಸೇರಿಸಿ ಹೇಳಲಿಕ್ಕೋ ಏನೋ.

ಅನ್ನದ ಮಾತು ಮುಗಿದು ಆ ಮಾತು ಬಂತು. ಹೇಳಿದೆ. ತೆಳ್ಳಗಿನ ಸ್ವರ ಎಲ್ಲರ ಸ್ವರದಿಂದ ಸ್ವಲ್ಪ ಹಿಂದೆ ಉಳಿಯಿತು. ಹಾಗಾಗಿ ಜಪದ ಕೊನೆಯ ಎರಡು ಶಬ್ದ ನನ್ನದು ಮಾತ್ರ ಕೇಳಿಸಿತು.

ಇನ್ನು ಅವಳು ನಮೋ ಮರಿಯ ಶುರು ಮಾಡಬೇಕು. ಮಾಡಲಿಲ್ಲ. ಎಲ್ಲರೂ ಮಣಿ ಹಿಡಿದು ಕಾಯುತ್ತಿದ್ದರು. ಅವಳು ಪಟದ ಕೆಳಗಿನ ವಾಪಸ್ ಹೂವನ್ನು ನೋಡುತ್ತ ಕೂತಿದ್ದಳು.

ಆಮೇಲೆ ನನ್ನ ಹಾಗೆಯೇ ಕೆಮ್ಮಿದಳು.